ಮಾವಿನ ಅಡಿ ಕೆಟ್ಟ ವರ್ಷ

ಮಾವಿನಕಾಯಿ ತನ್ನಷ್ಟಕ್ಕೆ ತಾನು ಹಣ್ಣಾಗುತ್ತದೆ ಎಂದು ತಿಳಿದವರು ಪುಣೆಯ ನಮ್ಮ ಮನೆಯಲ್ಲಿ ಒಂದು ಬೇಸಿಗೆ ಕಳೆದು ನೋಡಬೇಕಾಗಿತ್ತು. ನಮ್ಮಲ್ಲಿ ಅದನ್ನು ನನ್ನ ಅತ್ತೆ ಹಣ್ಣು ಮಾಡುತ್ತಿದ್ದರು. ಉಳಿದವರು ಮೆಲ್ಲಗೆ ನಡೆಯಬೇಕು, ಆ ಕೋಣೆಯ ಬಾಗಿಲು ತೆರೆಯಬಾರದು, ಕಿಟಕಿಯ ಹತ್ತಿರ ನಿಂತು ಜೋರಾಗಿ ಮಾತಾಡಬಾರದು, ಕಾಯಿ ಎಲ್ಲಿಗೆ ಬಂತು ಎಂದು ಕೇಳಲೂಬಾರದು. ಆಮೇಲೆ ಅದೇ ಮಾವಿನಕಾಯಿಯ ಬೆನ್ನು ನನ್ನ ಗಂಡನೂ ಹತ್ತಿದರು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು. ತಾಯಿ ಮಗ ಇಬ್ಬರೂ ಸೇರಿ ಒಂದು ಬುಟ್ಟಿ ಕಾಯಿಯ ಸಲುವಾಗಿ ನನ್ನ ತಲೆ ತಿಂದ ಆ ಬೇಸಿಗೆ ನೆನಪಾದರೆ ಇಂದಿಗೂ ನನಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸುತ್ತದೆ.

ಮೂವತ್ತರ ದಶಕದ ಮಾತು. ಶನಿವಾರ ಪೇಟೆಯ ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ ನಾವು ಬಾಡಿಗೆಗೆ ಇದ್ದೆವು. ಮಾವನವರು ಧಾರವಾಡದಿಂದ ಸರಕಾರಿ ಕಚೇರಿಯ ಕಾರಕೂನರಾಗಿ ಬಂದು ಇಲ್ಲೇ ನೆಲೆ ನಿಂತವರು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅತ್ತೆ ಭಾಜಿ ಮಾರುವವಳನ್ನು ಮರಾಠಿಯಲ್ಲೂ ನನ್ನನ್ನು ಕನ್ನಡದಲ್ಲೂ ಬೈಯುತ್ತಿದ್ದರು. ಎರಡರಲ್ಲೂ ಒಂದೇ ಸಮನಾದ ಹಿಡಿತವಿತ್ತು. ನನ್ನ ಗಂಡ ಕೃಷಿ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್. ಹುಡುಗರಿಗೆ ಎಲೆಯ ತೆಳ್ಳಗಿನ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸುವ ಕೆಲಸ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ.

ನಾನು ಬೆಳಗಾವಿಯ ಕಡೆಯವಳು. ಮದುವೆಯ ಮಾತುಕತೆಯಲ್ಲಿ ನನ್ನ ತಂದೆ ಕೇಳಿದ್ದು ಒಂದೇ ಒಂದು, ಹುಡುಗಿಯ ಓದು ನಿಲ್ಲಿಸಬೇಡಿ ಎಂದು. ಮಾವನವರು ಆಗಲಿ ಎಂದಿದ್ದರು. ಹಾಗೆ ನಾನು ಪುಣೆಗೆ ಬಂದ ಮೇಲೆ ಹೆಂಗಸರಿಗೆ ಮಾಸ್ತರಿಕೆ ಕಲಿಸುವ ಟ್ರೇನಿಂಗ್ ಕ್ಲಾಸಿಗೆ ಸೇರಿದೆ. ಮಾವನವರು ತೀರಿಕೊಂಡರು. ಅತ್ತೆ ಸತ್ತವರ ಮಾತು ಎಂದು ಅದನ್ನು ನಡೆಸಿಕೊಂಡು ಬಂದರು, ಮನಸ್ಸಿನಿಂದ ಅಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟಾಗಲೆಲ್ಲ ಅವರು ತುಳಸಿಯ ಕಡೆ ಮುಖ ಮಾಡಿ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಇನ್ನೊಂದು ವರ್ಷ ಬಾಕಿ ಇತ್ತು. ಅದೊಂದು ಮುಗಿದರೆ ನಾನು ಶಾಲೆಯಲ್ಲಿ ಕಲಿಸಬಹುದು, ನನ್ನ ಕಾಲ ಮೇಲೆ ನಾನು ನಿಲ್ಲಬಹುದು ಎಂಬ ಆಸೆ ಎಷ್ಟಿತ್ತೆಂದರೆ ಆ ನಿಟ್ಟುಸಿರನ್ನೆಲ್ಲ ನಾನು ನುಂಗಿಕೊಂಡಿದ್ದೆ.

ಇನ್ನು ಅಡಿಯ ವಿಷಯ. ಬಲಿತ ಮಾವಿನಕಾಯಿಯನ್ನು ಭತ್ತದ ಹುಲ್ಲಿನ ನಡುವೆ ಪದರ ಪದರವಾಗಿ ಹೂಳಿಟ್ಟು ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ಅಡಿ ಹಾಕುವುದು ಎನ್ನುತ್ತಾರೆ. ಪುಣೆಯ ಮರಾಠಿಯವರೂ ಹೆಚ್ಚುಕಡಿಮೆ ಅದೇ ಮಾತನ್ನೇ ಆಡುತ್ತಾರೆ. ತಳೇಗಾಂವ ದಾಭಾಡೆಯ ಹತ್ತಿರ ಮಾವನವರ ಸ್ನೇಹಿತರೊಬ್ಬರ ತೋಟವಿತ್ತು. ಕಾಯಿಯೂ ಅಲ್ಲಿಂದಲೇ, ಹುಲ್ಲೂ ಅಲ್ಲಿಂದಲೇ ಬರುತ್ತಿತ್ತು. ಅತ್ತೆ ಒಂದೊಂದೇ ಕಾಯಿಯನ್ನು ಕೈಯಲ್ಲಿ ಹೊರಳಿಸಿ, ತೊಟ್ಟಿನ ಸುತ್ತ ಹೆಗಲು ತುಂಬಿದೆಯೋ ಇಲ್ಲವೋ ನೋಡಿ, ಎಳೆಯದನ್ನು ಚಟ್ನಿಗೆ ಎತ್ತಿಟ್ಟು, ಬಲಿತದ್ದನ್ನು ಮಾತ್ರ ಹುಲ್ಲಿಗೆ ಇಳಿಸುತ್ತಿದ್ದರು. ಮೇಲೆ ಕಂಬಳಿ ಹೊದಿಸಿ ಬಾಗಿಲು ಹಾಕಿದರೆ ಕೆಲವು ದಿನ ಅವರೂ ತೆರೆಯುವವರಲ್ಲ. ತೆರೆದ ಮೇಲೆ ಪ್ರತಿದಿನ ಹಣ್ಣಾದವುಗಳನ್ನು ಆರಿಸಿ ಬೇರೆ ಕಡೆ ಇಡುತ್ತಿದ್ದರು. ಹಣ್ಣು ಅಲ್ಲೇ ಉಳಿದರೆ ಕಾಯಿಗಳು ಗಡಿಬಿಡಿ ಮಾಡುತ್ತವೆ ಎಂದು ಅವರ ಹೇಳಿಕೆ. ಇದೆಲ್ಲವೂ ಮಡಿಯಲ್ಲಿ. ಹೊರಗಾದ ಹೆಂಗಸಿನ ಕೈ ತಾಕಿದರೆ ಹೋಗಲಿ, ನೆರಳು ಬಿದ್ದರೂ ಅಡಿ ಕೆಡುತ್ತದೆ ಎಂಬುದು ಅವರ ನಂಬಿಕೆ. ಉಪ್ಪಿನಕಾಯಿಯ ಭರಣಿಗೂ ಇದೇ ಕಾನೂನು.

ಇಷ್ಟೆಲ್ಲ ಅಕ್ಷಯ ತದಿಗೆಯ ಸಲುವಾಗಿ. ಆ ದಿನ ಹಿರಿಯರಿಗೆ ಹೊಸ ಮಾವಿನ ಹಣ್ಣು ಎಡೆ ಇಡುವವರೆಗೆ ಅತ್ತೆ ಹೊಸ ಹಣ್ಣಿನ ಒಂದು ಹೋಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಈಗ ಆ ಹಿರಿಯರ ಸಾಲಿನಲ್ಲಿ ಮಾವನವರೂ ಸೇರಿದ್ದರು. ಅವರಿಗೆ ಮಾವಿನ ಹಣ್ಣೆಂದರೆ ಪ್ರಾಣ. ಶೀಕರಣೆ ಇದ್ದ ದಿನ ಚಪಾತಿ ಎಷ್ಟಾದವೆಂದು ಅವರಿಗೂ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಅತ್ತೆಗೆ ಮಂಡಯಿ ಬಜಾರದ ಹಣ್ಣು ನಡೆಯುತ್ತಿರಲಿಲ್ಲ. ತಮ್ಮ ಕೈಯಿಂದ ಅಡಿ ಹಾಕಿದ ಹಣ್ಣೇ ಬೇಕು, ಅದೂ ಅದೇ ದಿನಕ್ಕೆ ಸರಿಯಾಗಿ ಹದಕ್ಕೆ ಬಂದಿರಬೇಕು.

ಆ ವರ್ಷ ತೋಟದಿಂದ ಕಾಯಿ ತಡವಾಗಿ ಬಂತು. ಅತ್ತೆಯ ಚಡಪಡಿಕೆ ಹೇಳತೀರದು. ತದಿಗೆಯೊಳಗೆ ಹಣ್ಣಾಗುತ್ತವೋ ಇಲ್ಲವೋ ಎಂದು ದೇವರ ಮುಂದೆ, ಒಲೆಯ ಮುಂದೆ, ನೀರು ಸೇದುವಾಗ, ಎಲ್ಲ ಕಡೆ ಅದೇ ಗೊಣಗಾಟ. ಅಡಿ ಹಾಕಿ ಬಾಗಿಲು ಹಾಕಿದರು. ತದಿಗೆಗೆ ಇನ್ನೂ ಸಮಯವಿದ್ದಾಗಲೇ ಒಂದು ಮುಂಜಾನೆ ಬಾಗಿಲ ಸಂದಿಯಿಂದ ಹುಳಿ ವಾಸನೆ ಬಂತು. ತೆರೆದು ನೋಡಿದರೆ ಒಂದೆರಡಲ್ಲ, ಇಡೀ ಅಡಿಯೇ ಒಮ್ಮೆಗೇ ಹಣ್ಣಾಗಿ, ಮೆತ್ತಗಾಗಿ, ತೊಟ್ಟಿನ ಹತ್ತಿರ ಕಪ್ಪಾಗಿ, ಹುಲ್ಲಿಗೆ ರಸ ಇಳಿಸಿ ಕೂತಿತ್ತು. ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ತದಿಗೆಯ ದಿನ ಮಾವನವರಿಗೆ ಬಜಾರದ ಹಣ್ಣಿನ ಎಡೆಯಾಯಿತು. ಅತ್ತೆ ಅದನ್ನು ಎಡೆಗೆ ಇಟ್ಟರು, ತಾವು ಮುಟ್ಟಲಿಲ್ಲ.

ಅವರ ದುಃಖ ನನಗೆ ಅರ್ಥವಾಗುತ್ತಿತ್ತು. ಆದರೆ ದುಃಖಕ್ಕೆ ಒಂದು ಕಾರಣ ಬೇಕಲ್ಲ, ಕಾರಣಕ್ಕೆ ಒಬ್ಬ ಮನುಷ್ಯ ಬೇಕಲ್ಲ. ಮನೆಯಲ್ಲಿ ಹೊರಗಾಗುವ ಹೆಂಗಸು ನಾನೊಬ್ಬಳೇ. ಎಡೆ ಎತ್ತಿದ ಮೇಲೆ ಅವರು ನನ್ನನ್ನು ಎದುರಿಗೆ ಕೂಡಿಸಿಕೊಂಡು ದನಿ ಏರಿಸದೆ ಹೇಳಿದರು.

“ಕ್ಲಾಸು ತಪ್ಪತದಂತ ನೀ ಮುಚ್ಚಿಟ್ಟಿ. ಹೊರಗಾಗಿ ಒಳಗ ಅಡ್ಡಾಡಿದಿ. ಅಡಿ ಕೆಡಲಿಕ್ಕೆ ಬ್ಯಾರೆ ಏನೂ ಕಾರಣಿಲ್ಲ.”

ನಾನು ಮುಚ್ಚಿಟ್ಟಿರಲಿಲ್ಲ. ಆ ತಿಂಗಳೂ ಎಲ್ಲ ತಿಂಗಳಂತೆ ಹಿತ್ತಲ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು, ತಂಬಿಗೆ ಬೇರೆ, ತಾಟು ಬೇರೆ ಮಾಡಿಕೊಂಡು ಕೂತಿದ್ದೆ. ಪಕ್ಕದ ಮನೆಯ ಮಕ್ಕಳು ಬಂದು ಕಾಗೆ ಮುಟ್ಟಿತೇ ಎಂದು ಕೇಳಿ ನಕ್ಕು ಹೋಗಿದ್ದರು. ಆದರೆ ಅದು ಮುಗಿದ ಮೇಲೆಯೇ ಅಡಿ ಹಾಕಿದ್ದು. ಆಮೇಲೆ ಮತ್ತೆ ನಾನು ಹೊರಗಾಗಲಿಲ್ಲ ಎಂದು ಯಾರಿಗೆ ಹೇಗೆ ತೋರಿಸಲಿ? ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಇಲ್ಲ ಎಂದೆ, ದೇವರಾಣೆ ಎಂದೆ. ಅಳಬಾರದೆಂದುಕೊಂಡರೂ ಅಳು ಬಂತು, ಆ ಅಳುವನ್ನೇ ಅವರು ಒಪ್ಪಿಗೆ ಎಂದು ತಿಳಿದರು. ಜೂನ್‌ನಲ್ಲಿ ಕ್ಲಾಸು ಶುರುವಾದಾಗ ನಾನು ಹೋಗಕೂಡದು ಎಂದು ತೀರ್ಪಾಯಿತು. ಸುಳ್ಳು ಹೇಳುವುದನ್ನು ಕಲಿಸುವ ವಿದ್ಯೆ ಈ ಮನೆಗೆ ಬೇಡ, ಅವರು ಇದ್ದಿದ್ದರೆ ಅವರೂ ಇದನ್ನೇ ಅನ್ನುತ್ತಿದ್ದರು ಎಂದು ಮಾವನವರ ಮೇಲೆಯೇ ಹಾಕಿ ಎದ್ದು ಹೋದರು.

ಇವರು ಅಲ್ಲೇ ಇದ್ದರು. ಅಡಕೆ ಕತ್ತರಿಸುತ್ತ ಕೂತಿದ್ದರು. ಒಂದು ಮಾತು ಆಡಲಿಲ್ಲ.

ಸಂಜೆ ಗ್ಯಾಲರಿಯಲ್ಲಿ ನಾನು ಒಣಗಿದ ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಬಂದು ನಿಂತರು. ಸಮಾಧಾನ ಹೇಳಲು ಬಂದಿರಬೇಕೆಂದುಕೊಂಡೆ. ಇವರ ಮುಖದಲ್ಲಿ ಸಂತೋಷವಿತ್ತು.

“ಅದು ಬಾಳೆಹಣ್ಣಿನ ಕೆಲಸ,” ಎಂದರು.

ನನಗೆ ತಿಳಿಯಲಿಲ್ಲ. ಆಗ ಇವರು ಬಿಡಿಸಿ ಹೇಳಿದರು. ಅವ್ವನ ಚಡಪಡಿಕೆ ನೋಡಲಾರದೆ, ಕಾಯಿ ಬೇಗ ಹಣ್ಣಾಗಲಿ ಎಂದು, ಬಾಗಿಲು ಹಾಕುವ ಮುಂಚೆ ಯಾರೂ ಇಲ್ಲದಾಗ ಅಡಿಯ ನಾಲ್ಕೂ ಮೂಲೆಗೆ ಕಳಿತ ಬಾಳೆಹಣ್ಣು ಹುದುಗಿಸಿಟ್ಟಿದ್ದರಂತೆ. ಅಡಿ ಕೆಟ್ಟ ದಿನ, ಅತ್ತೆ ತಲೆ ಮೇಲೆ ಕೈ ಹೊತ್ತು ಕೂತಾಗ, ಇವರೇ ಹುಲ್ಲು ಎತ್ತಿ ಹಾಕುವ ನೆಪದಲ್ಲಿ ಆ ಕಪ್ಪಾದ ಬಾಳೆಹಣ್ಣುಗಳನ್ನು ತೆಗೆದು ಬೀದಿಯ ಆಕಳಿಗೆ ಹಾಕಿದ್ದರಂತೆ. ಮತ್ತು ಹೇಳುತ್ತ ಹೇಳುತ್ತ ಕಾಲೇಜಿನಲ್ಲಿ ಹುಡುಗರ ಮುಂದೆ ನಿಂತವರಂತೆ ಆಗಿಬಿಟ್ಟರು. ಗಿಡದೊಳಗೆ ಹಾರ್ಮೋನ್ ಎಂಬ ಪದಾರ್ಥಗಳಿರುತ್ತವೆಯಂತೆ. ಇರುವುದು ಚಿಟಿಕೆಗಿಂತ ಕಡಿಮೆ, ಆದರೆ ಹುಕುಂ ಎಲ್ಲ ಅವುಗಳದೇ. ಹೂವು ಉದುರಿ ಕಾಯಿ ಕಚ್ಚಿದಾಗ ಒಳಗಿನ ಎಳೆಯ ಬೀಜದಿಂದ ಒಂದು ರಸ ಹೊರಟು ಸುತ್ತಲಿನ ತಿರುಳಿಗೆ ಬೆಳೆ ಬೆಳೆ ಎನ್ನುತ್ತದೆಯಂತೆ. ಬೀಜ ಸತ್ತರೆ ಕಾಯಿ ಬೆಳೆಯದೆ ಉದುರುವುದು ಅದಕ್ಕೇ ಇರಬೇಕು ಎಂದರು. ಕಾಯಿ ಬಲಿತ ಮೇಲೆ ಇನ್ನೊಂದು. ಅದು ರಸವಲ್ಲ, ಗ್ಯಾಸು. ಇಥಿಲೀನ್ ಎಂದು ಹೆಸರು. ಹಣ್ಣಾಗುತ್ತಿರುವ ಹಣ್ಣೇ ಅದನ್ನು ಉಸಿರಿನ ಹಾಗೆ ಹೊರಗೆ ಬಿಡುತ್ತದೆ, ಪಕ್ಕದ ಕಾಯಿಗೆ ಅದು ತಾಕಿದರೆ ಅದೂ ಹಣ್ಣಾಗಲು ಶುರು ಮಾಡುತ್ತದೆ, ಶುರು ಮಾಡಿ ತಾನೂ ಬಿಡುತ್ತದೆ, ಹೀಗೆ ಒಂದರಿಂದ ಒಂದಕ್ಕೆ ಇಡೀ ಅಡಿ ಎದ್ದುಬಿಡುತ್ತದೆ. ವಿಲಾಯತಿನಲ್ಲಿ ಇದನ್ನು ಇತ್ತೀಚೆಗೆ ಸಿದ್ಧ ಮಾಡಿ ತೋರಿಸಿದ್ದಾರೆ, ನಮ್ಮ ಅಡಿಯಲ್ಲಿ ಇಷ್ಟು ಚೆನ್ನಾಗಿ ಕಂಡುಬಂದದ್ದು ಭಾಳ ವಿಶೇಷ ಎಂದು ಕೈ ಉಜ್ಜಿಕೊಂಡರು.

ನಾನು ಮಡಚಿದ ಧೋತರವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಇಷ್ಟು ಗೊತ್ತಿದ್ದೂ ಆಗ ಅಡಕೆ ಕತ್ತರಿಸುತ್ತ ಯಾಕೆ ಕೂತಿರಿ ಎಂದು ಕೇಳಿದೆ.

“ಒಂದು ಸಲ ಆದದ್ದು ಪ್ರಮಾಣ ಅಲ್ಲ,” ಎಂದರು. “ಕೋಣಿ ಬಿಸಿ ಇತ್ತು, ಕಂಬಳಿ ದಪ್ಪ ಇತ್ತು. ಬಾಳೆಹಣ್ಣಿನಿಂದಲೇ ಆತು ಅಂತ ಖಾತ್ರಿ ಹ್ಯಾಂಗ ಹೇಳ್ಲಿ?”

ಅಂದರೆ ತಾಯಿಗೆ ಖಾತ್ರಿ ಬೇಕಾಗಿರಲಿಲ್ಲ, ಮಗನಿಗೆ ಖಾತ್ರಿ ಇಲ್ಲದೆ ಬಾಯಿ ಬಿಡಲಾಗದು, ನಡುವೆ ನನ್ನ ಒಂದು ವರ್ಷದ ಓದು ಬಾವಿಗೆ ಬೀಳಬೇಕು. ನನಗೆ ಬಂದ ಸಿಟ್ಟಿಗೆ ಆ ಧೋತರವನ್ನು ಮತ್ತೆ ಬಿಚ್ಚಿ ಮುದ್ದೆ ಮಾಡಿ ಇವರ ಮೇಲೆ ಎಸೆದೆ. ಮದುವೆಯಾದ ಮೇಲೆ ಗಂಡನ ಮೇಲೆ ನಾನು ಏನಾದರೂ ಎಸೆದದ್ದು ಅದೇ ಮೊದಲು. ನಾಳೆ ಅವ್ವನ ಮುಂದೆ ಹೇಳದಿದ್ದರೆ ನಾನು ಬೆಳಗಾವಿಗೆ ಹೋಗುತ್ತೇನೆ ಎಂದೆ. ಇವರು ಧೋತರ ಎತ್ತಿಕೊಂಡು, ಹೇಳುತ್ತೇನೆ, ಅದಕ್ಕೇನು ಎಂದರು, ನಾನು ಯಾಕೆ ಇಷ್ಟು ಕಾವೇರಿದ್ದೇನೆಂದು ತಿಳಿಯದವರ ಹಾಗೆ.

ಹೇಳಿದರು. ಹೇಗೆ ಹೇಳಿದರೆಂದರೆ, ಬಾಳೆಹಣ್ಣು ಇಟ್ಟವನು ನಾನು ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಬಿಟ್ಟು, ಹೂವಿನಿಂದ ಶುರು ಮಾಡಿದರು. ಹೂವು, ಬೀಜ, ರಸ, ಗ್ಯಾಸು. ಅತ್ತೆ ಬತ್ತಿ ಹೊಸೆಯುತ್ತ ಎಲ್ಲ ಕೇಳಿದರು. ಬಾಳೆಹಣ್ಣಿನವರೆಗೆ ಬರುವಷ್ಟರಲ್ಲಿ ಅವರ ತೀರ್ಮಾನ ಆಗಿಹೋಗಿತ್ತು. ಹೆಂಡತಿಯನ್ನು ಉಳಿಸಿಕೊಳ್ಳಲು ಮಗ ಇಲ್ಲದ ಕತೆ ಕಟ್ಟುತ್ತಿದ್ದಾನೆ, ಕಣ್ಣಿಗೆ ಕಾಣದ ಗ್ಯಾಸು ಎಂದು ತಾಯಿಯ ಕಣ್ಣಿಗೆ ಮಣ್ಣು ಹಾಕುತ್ತಿದ್ದಾನೆ. ಕಣ್ಣಿಗೆ ಕಾಣದ ಮೈಲಿಗೆಯನ್ನು ಮಾತ್ರ ಅವರು ಅರ್ಧ ಪೇಟೆಯ ದೂರದಿಂದ ಗುರುತಿಸುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಒಳಗೇ ಕುದಿದೆ.

ಹಾಗಾದರೆ ನಿನ್ನ ಕಣ್ಣ ಮುಂದೆಯೇ ಮಾಡಿ ತೋರಿಸುತ್ತೇನೆ ಎಂದರು ಇವರು. ಇವರಿಗೆ ಬೇಕಾಗಿದ್ದದ್ದೂ ಅದೇ. ಅತ್ತೆ ಒಪ್ಪಿದರು, ಆದರೆ ಎಲ್ಲ ತಮ್ಮ ಕೈಯಿಂದ ಆಗಬೇಕು. ತಳೇಗಾಂವದಿಂದ ಕೊನೆಯ ಕೊಯ್ಲಿನ ಕಾಯಿ ಒಂದು ಬುಟ್ಟಿ ತರಿಸಿ, ತಾವೇ ಆರಿಸಿ, ಒಂದೇ ಸಮ ಬಲಿತ ಕಾಯಿಗಳನ್ನು ಎರಡು ಹೊಸ ಗಡಿಗೆಗಳಲ್ಲಿ ಹಾಕಿದರು. ಒಂದರಲ್ಲಿ ಇವರು ಕಳಿತ ಬಾಳೆಹಣ್ಣು ಇಟ್ಟರು. ಎರಡರ ಬಾಯಿಗೂ ಅತ್ತೆಯೇ ಒದ್ದೆ ಅರಿವೆ ಬಿಗಿದು ಗಂಟು ಹಾಕಿದರು. ಗ್ಯಾಸು ಒಂದರಿಂದ ಇನ್ನೊಂದಕ್ಕೆ ಹೋಗಬಾರದೆಂದು ಹಿತ್ತಲ ಪಡಸಾಲೆಯ ಆ ತುದಿಗೆ ಒಂದು, ಈ ತುದಿಗೆ ಒಂದು ಇಟ್ಟರು. ಬಾಳೆಹಣ್ಣಿನ ಗಡಿಗೆ ಮೊದಲು ಹಣ್ಣಾದರೆ ನಾನು ಕ್ಲಾಸಿಗೆ ಹೋಗಬಹುದು ಎಂದು ಅತ್ತೆಯ ಬಾಯಿಂದ ನಾನೇ ಹೇಳಿಸಿಕೊಂಡೆ. ಜೂನ್ ಹತ್ತಿರ ಬಂದಿತ್ತು.

ಇಷ್ಟೆಲ್ಲ ಸರಿಯಾಗಿ ಹೊಂದಿಸಿದ ಮೇಲೆ, ಮಾರನೆಯ ದಿನವೇ ನಾನು ಹೊರಗಾದೆ.

ನಾನು ಕೂಡುವ ಜಾಗ ಅದೇ ಹಿತ್ತಲ ಪಡಸಾಲೆ. ಬೇರೆ ಜಾಗ ನಮ್ಮ ಬಾಡಿಗೆಯ ಭಾಗದಲ್ಲಿ ಇರಲಿಲ್ಲ. ಗಡಿಗೆ ತೆಗೆದು ಒಳಗಿಡು ಎಂದು ಅತ್ತೆ ಹೇಳಿದರು. ಜಾಗ ಬದಲಾದರೆ ಕಾವು ಬದಲಾಗುತ್ತದೆ, ಪ್ರಯೋಗ ಕೆಡುತ್ತದೆ ಎಂದು ಇವರು ಅಡ್ಡ ನಿಂತರು. ಹಾಗಾದರೆ ಅವಳನ್ನೇ ಬೇರೆ ಎಲ್ಲಿಯಾದರೂ ಕೂಡಿಸು ಎಂದು ಅವರು. ಎಲ್ಲಿ ಕೂಡಿಸಲಿ, ರಸ್ತೆಯ ಮೇಲೆಯೇ ಎಂದು ಇವರು. ನಾನು ಅಲ್ಲೇ ಚಾಪೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸಾಮಾನು ಸರಿಸುವ ಮಾತಿನಲ್ಲಿ ಸಾಮಾನನ್ನು ಯಾರೂ ಕೇಳುವುದಿಲ್ಲವಲ್ಲ, ನನ್ನನ್ನೂ ಯಾರೂ ಕೇಳಲಿಲ್ಲ. ಕೊನೆಗೆ ಅತ್ತೆ ಎರಡೂ ಗಡಿಗೆಗಳ ಸುತ್ತ ರಂಗೋಲಿಯ ಗೆರೆ ಎಳೆದರು, ನಡುವೆ ನನ್ನ ಚಾಪೆ ಬಿತ್ತು. ಹೋಗುವಾಗ ಒಂದು ಮಾತು ಹೇಳಿ ಹೋದರು. ಇನ್ನು ಕಾಯಿ ಹಣ್ಣಾದರೂ ಗ್ಯಾಸಿನಿಂದ ಆಯಿತೋ ಹತ್ತಿರ ಕೂತವಳಿಂದ ಆಯಿತೋ ಹೇಗೆ ತಿಳಿಯುವುದು, ಎಂದು.

ಆ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಗಡಿಗೆ ಹಣ್ಣಾದರೆ ನನ್ನಿಂದ, ಆಗದಿದ್ದರೆ ಇವರ ಗ್ಯಾಸು ಸುಳ್ಳು. ಎರಡರಲ್ಲಿ ಯಾವುದಾದರೂ ನಾನು ಮನೆಯಲ್ಲೇ. ಇವರಿಗೆ ಇದು ಹೊಳೆಯಿತೋ ಎಂದು ಮುಖ ನೋಡಿದೆ. ಇವರು ಗೆರೆಯ ಆಚೆ ಬಗ್ಗಿ ಒದ್ದೆ ಅರಿವೆ ಒಣಗಿದೆಯೇ ಎಂದು ನೋಡುತ್ತಿದ್ದರು.

ಎರಡು ಗಡಿಗೆಗಳ ನಡುವೆ ಕೂತು ನಾನು ಯೋಚಿಸಿದೆ. ಬೇರೆ ಕೆಲಸವೂ ಇರಲಿಲ್ಲ. ಸುಮ್ಮನೆ ಕೂತರೆ ಅತ್ತೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನನ್ನ ನೆರಳು ಯಾವ ಕಡೆ ಎಷ್ಟು ಬಿತ್ತು ಎಂದು ವಾದ ಮಾಡಲಾಗುತ್ತದೆಯೇ? ಉತ್ತರ ಬೇಕಾದರೆ ಎರಡೂ ಗಡಿಗೆಗಳಿಗೆ ನನ್ನಿಂದ ಆಗುವುದು ಒಂದೇ ಸಮ ಆಗಬೇಕು. ಅತ್ತೆ ಮಧ್ಯಾಹ್ನ ಪುರಾಣಕ್ಕೆ ಹೋದಾಗ ಗೆರೆ ದಾಟಿ, ಒಂದು ಗಡಿಗೆಯ ಗಂಟು ಬಿಚ್ಚಿ, ಒಂದೊಂದೇ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಳಿಸಿ ಇಟ್ಟೆ. ಆಮೇಲೆ ಇನ್ನೊಂದು ಗಡಿಗೆಯಲ್ಲೂ ಅಷ್ಟೇ ಹೊತ್ತು, ಅಷ್ಟೇ ಮಾಡಿದೆ. ಅತ್ತೆಯ ಗಂಟು ನನಗೆ ಗೊತ್ತಿತ್ತು, ಹಾಗೆಯೇ ಕಟ್ಟಿದೆ; ಅಳಿಸಿದ ಗೆರೆಯನ್ನು ತಿದ್ದಿದೆ. ಕೂತಷ್ಟು ದಿನವೂ ಅವರು ಪುರಾಣಕ್ಕೆ ಹೋದಾಗಲೆಲ್ಲ ಹೀಗೆ ಮಾಡಿದೆ. ಚಿಕ್ಕಂದಿನಿಂದ ಕೇಳಿ ಬಂದದ್ದು ನನ್ನ ಮೈಯಲ್ಲೂ ಕೂತಿತ್ತು. ಏನಾದರೂ ಆದೀತು ಎಂದು ನನಗೂ ಅನ್ನಿಸಿತು. ಆ ಹೆದರಿಕೆಯ ಮೇಲೂ ನನಗೆ ಸಿಟ್ಟು ಬಂತು.

ನಾನು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೆ, ಇವರ ಕಾಲೇಜಿನ ವೇಳೆಗೆ ಮುಂಚೆ, ಗಡಿಗೆ ತೆರೆದರು. ಬಾಳೆಹಣ್ಣಿನ ಗಡಿಗೆಯ ಅರಿವೆ ಬಿಚ್ಚುವ ಮೊದಲೇ ವಾಸನೆ ಹಿತ್ತಲನ್ನೆಲ್ಲ ತುಂಬಿತು. ಒಳಗೆ ಕಾಯಿಗಳು ಹಳದಿಯಾಗಿ, ಬೆರಳು ಒತ್ತಿದರೆ ಒಳಗೆ ಇಳಿಯುವಷ್ಟು ಮೆತ್ತಗಾಗಿದ್ದವು. ಇನ್ನೊಂದು ಗಡಿಗೆಯ ಕಾಯಿಗಳು ಹಾಕಿದಾಗ ಹೇಗಿದ್ದವೋ ಹಾಗೆ ಹಸಿರಾಗಿ, ಕಲ್ಲಿನಂತೆ ಗಟ್ಟಿಯಾಗಿ ಕೂತಿದ್ದವು. ಇವರು ಎರಡೂ ಕೈಯಲ್ಲಿ ಒಂದೊಂದನ್ನು ಎತ್ತಿ ಹಿಡಿದು ಮತ್ತೆ ಹೂವಿನಿಂದ ಶುರು ಮಾಡಿದರು.

ಅತ್ತೆ ಎರಡನ್ನೂ ಬಹಳ ಹೊತ್ತು ನೋಡಿದರು. ಕಂಡದ್ದನ್ನು ಇಲ್ಲ ಎನ್ನುವವರಲ್ಲ ಅವರು. ಹೌದು, ಹಣ್ಣಿನಿಂದ ಏನೋ ಹೊರಡುತ್ತದೆ, ಅದು ಕಾಯಿಗೆ ತಾಕುತ್ತದೆ, ಅದಕ್ಕೇ ತಾವು ಹಣ್ಣಾದದ್ದನ್ನು ದಿನಾ ಆರಿಸಿ ದೂರ ಇಡುವುದು ಎಂದರು. ನನ್ನ ಎದೆ ಹಗುರಾಯಿತು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ.

“ನಾವು ಹೇಳೂದೂ ಅದನ್ನs ಅಲ್ಲೇನು?” ಎಂದರು ಮಗನಿಗೆ. “ಹೊರಗಾದಾಕಿನ್ನ ದೂರ ಕೂಡಸೂದು ಇದಕ್ಕs. ಆಕಿ ಮೈಯಿಂದನೂ ಹಿಂಗs ಗ್ಯಾಸು ಹೊಂಡತದ. ನಿಮ್ಮ ವಿಲಾಯತಿಯವರಿಗೆ ಈಗ ತಿಳೀತು.”

ಇವರು ಏನು ಹೇಳಬೇಕಿತ್ತು? ಹಾಗಲ್ಲ ಅವ್ವ ಎಂದು ಒಂದು ಮಾತು. ಇವರು ಹಣ್ಣನ್ನು ಮೂಸಿ ನೋಡುತ್ತ, ಹಾಗೆ ನೋಡಿದರೆ ಅದನ್ನು ಯಾರೂ ಪರೀಕ್ಷೆ ಮಾಡಿಲ್ಲ, ವಿಚಾರ ಮಾಡುವಂಥದ್ದೇ ಎಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮುಂದೆ ಏನಾಗುತ್ತದೆಂದು ನಾನು ಯೋಚಿಸಲಿಲ್ಲ.

“ನಾ ಪರೀಕ್ಷಾ ಮಾಡೀನ್ರಿ,” ಎಂದೆ. “ಹೊರಗ ಕೂತಾಗ ಎರಡೂ ಗಡಿಗ್ಯಾಗ ಕೈ ಹಾಕೀನಿ. ಒಂದೊಂದು ಕಾಯೀನೂ ಮುಟ್ಟೀನಿ. ಇದಕ್ಕೆಷ್ಟೋ ಅದಕ್ಕೂ ಅಷ್ಟs. ನನ್ನಿಂದ ಆಗೂದಿದ್ರ ಎರಡೂ ಹಣ್ಣಾಗಬೇಕಿತ್ತು.”

ಮೊದಲು ಬಾಯಿ ತೆರೆದವರು ಇವರು. ಗಡಿಗೆ ಬಿಚ್ಚಿದೆಯಾ, ಗ್ಯಾಸು ಹೊರಗೆ ಹೋಯಿತಲ್ಲ, ಇಲ್ಲದಿದ್ದರೆ ಇನ್ನೂ ಬೇಗ ಹಣ್ಣಾಗುತ್ತಿತ್ತು ಎಂದು ಪೇಚಾಡಿದರು. ಆಮೇಲೆ ನಿಂತಲ್ಲೇ ಸ್ವಲ್ಪ ಯೋಚಿಸಿ, ಅಲ್ಲ, ಎರಡನ್ನೂ ಬಿಚ್ಚಿದ್ದೀಯಲ್ಲ, ಇದು ಇನ್ನೂ ಛಲೋ ಆಯಿತು, ನನಗೇ ಹೊಳೆದಿರಲಿಲ್ಲ ಎಂದು ಮುಖ ಅರಳಿಸಿದರು. ನಾನು ಕೊಟ್ಟ ನೋಟ ನೋಡಿ ಟೊಪ್ಪಿಗೆ ಹಾಕಿಕೊಂಡು ಕಾಲೇಜಿಗೆ ಹೊರಟುಹೋದರು.

ಉಳಿದವರು ನಾವಿಬ್ಬರೇ. ಅತ್ತೆ ಹಸಿರು ಕಾಯಿಯ ಗಡಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಡಿಯಲ್ಲಿದ್ದರು. ನಾನು ಗೋಡೆಗೆ ಬೆನ್ನು ಹಚ್ಚಿ, ಅವರು ಈಗ ಬೈಯಲಿ, ಇವತ್ತು ನಾನೂ ಬಿಡುವುದಿಲ್ಲ ಎಂದು ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು ನಿಂತಿದ್ದೆ. ಬಂದಂದಿನಿಂದ ಕೂಡಿಟ್ಟ ಮಾತುಗಳು ಅವು. ಅಷ್ಟರಲ್ಲಿ ಅವರು ಗಡಿಗೆಯೊಳಗೆ ಕೈ ಹಾಕಿ ಒಂದು ಕಾಯಿ ತೆಗೆದರು. ಮಡಿಯ ಕೈಯಿಂದ, ನಾನು ಮುಟ್ಟಿದ ಕಾಯಿಯನ್ನು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತಿದರು. ಅದು ಒತ್ತಿಸಿಕೊಳ್ಳಲಿಲ್ಲ.

“ನಾ ದೊಡ್ಡಾಕಿ ಆಗಿ ಮನಿಗೆ ಬಂದ ವರ್ಷ,” ಎಂದರು, ನನ್ನ ಕಡೆ ನೋಡದೆ. “ಧಾರವಾಡದಾಗ ಅಡಿ ಕೆಟ್ಟಿತ್ತು. ಎಲ್ಲಾ ಒಮ್ಮೆಗೇ ಹಣ್ಣಾಗಿ. ನಮ್ಮತ್ತಿ ನನ್ನ ಮ್ಯಾಲೆ ಹಾಕಿದ್ರು. ನಾ ಮುಟ್ಟಿಲ್ಲ ಅಂತ ಭಾಳ ಅತ್ನಿ. ಯಾರೂ ನಂಬಲಿಲ್ಲ. ಮುಂದ ಮುಂದ ನನಗs ಅನಸ್ತು, ಮುಟ್ಟಿದ್ದೆನೇನೋ, ಮರತೇನೇನೋ ಅಂತ.”

ನಾನು ಗೋಡೆ ಬಿಟ್ಟು ಮುಂದೆ ಬಂದೆ.

ಆ ವರ್ಷ ಅವರ ಮಾವನವರ ಎಡೆಗೂ ಹಣ್ಣು ಇರಲಿಲ್ಲವಂತೆ. ಅದಾದ ಮೇಲೆ ಅವರು ಮುಟ್ಟಾಗಿ ಕೂತಾಗಲೆಲ್ಲ ತಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ಕೂಡುತ್ತಿದ್ದರಂತೆ, ತಮಗೇ ತಿಳಿಯದೆ ಎಲ್ಲಿಯಾದರೂ ತಾಕೀತೆಂದು. ಮಡಿ ಅಷ್ಟು ಬಿಗಿಯಾಗಿ ಹಿಡಿದದ್ದು ಆವಾಗಿನಿಂದ. ಇದನ್ನೆಲ್ಲ ಅವರು ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು. ಆಮೇಲೆ ಕಾಯಿಯನ್ನು ಉಡಿಯಲ್ಲಿ ಇಟ್ಟುಕೊಂಡು ತಲೆ ಎತ್ತಿ ನನ್ನನ್ನು ನೋಡಿದರು.

“ಹಂಗಾರ ಅದು ನಾ ಅಲ್ಲೇನು?”

ನನ್ನ ಬಾಯಿಯ ತುಂಬ ಮಾತುಗಳಿದ್ದವು. ತಮಗೆ ಆದದ್ದನ್ನೇ ನನಗೆ ಮಾಡಿದಿರಲ್ಲ ಎಂದು ಕೇಳಬಹುದಾಗಿತ್ತು. ಕೇಳುವ ಹಕ್ಕು ನನಗಿತ್ತು, ಇಂದಿಗೂ ಇದೆ ಎಂದೇ ನನ್ನ ಎಣಿಕೆ. ಅವರ ಮೇಲಿನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಆದರೆ ವಿಧವೆಯ ಆ ಕೆಂಪು ಸೀರೆಯ ಸೆರಗಿನೊಳಗೆ ಒಬ್ಬ ಹುಡುಗಿ ಉತ್ತರಕ್ಕೆ ಕಾಯುತ್ತ ಕೂತಿದ್ದಳು, ಅವಳ ಮುಂದೆ ಆ ಮಾತುಗಳನ್ನು ಆಡಲಾಗಲಿಲ್ಲ. ಅದಕ್ಕೂ ನನಗೆ ಕಿರಿಕಿರಿಯಾಯಿತು.

“ನೀವಲ್ರಿ,” ಎಂದೆ. “ನೀವು ಏನೂ ಮಾಡಿದ್ದಿಲ್ಲ.”

ಅವರು ಮತ್ತೆ ಕಾಯಿಯನ್ನೇ ನೋಡುತ್ತ ಕೂತರು. ಆಮೇಲೆ ನನ್ನಿಂದ ಈಳಿಗೆ ತರಿಸಿ, ಆ ಕಾಯಿಯನ್ನು ತೊಳೆಯದೆ, ಉಪ್ಪಿನಕಾಯಿಗೆಂದು ಹೋಳು ಹೆಚ್ಚಲು ಶುರು ಮಾಡಿದರು. ಕೈ ಆಡುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಒಳಗೆ ಹೋಗಿ ಉಪ್ಪಿನ ಮಡಕೆ ತಂದು ಅವರ ಪಕ್ಕಕ್ಕೆ ಕೂತೆ. ಗಡಿಗೆ ಬರಿದಾಗುವವರೆಗೆ ಅವರು ಹೆಚ್ಚಿದರು, ನಾನು ಉಪ್ಪು ಬೆರೆಸಿದೆ. ಕೊನೆಯ ಕಾಯಿ ಹೆಚ್ಚಿ, ಈಳಿಗೆ ಮಡಚುತ್ತ, ಕ್ಲಾಸು ಎಂದಿನಿಂದ ಶುರು ಎಂದು ಕೇಳಿದರು.